ಹಂಗಿಲ್ಲದ ನೆರವು

ನಾಸಿಕ್ ಜಿಲ್ಲೆಯ ಇಗತಪುರಿಯಲ್ಲಿರುವ ಧಮ್ಮಗಿರಿಯಲ್ಲಿ 1976ರಿಂದ ವಿಪಶ್ಯನ ಧ್ಯಾನದ ಶಿಬಿರಗಳು ನಡೆಯುತ್ತಿವೆ. ಬರ್ಮಾದಲ್ಲಿ ಹುಟ್ಟಿ, ಅಲ್ಲಿ ಕಲಿತದ್ದನ್ನು ಭಾರತಕ್ಕೆ ತಂದ ಸತ್ಯನಾರಾಯಣ ಗೋಯೆಂಕಾ ಅವರು ಇಲ್ಲಿ ಹಾಕಿಕೊಟ್ಟ ನಿಯಮವೊಂದಿದೆ. ಹತ್ತು ದಿನದ ಶಿಬಿರಕ್ಕೆ ಬಂದವರಿಂದ ಊಟಕ್ಕಾಗಲಿ, ಕೋಣೆಗಾಗಲಿ, ಕಲಿಕೆಗಾಗಲಿ ಶುಲ್ಕ ಕೇಳುವುದಿಲ್ಲ. ತಾವಾಗಿ ಕೊಡುತ್ತೇನೆಂದರೂ ಒಂದು ಶಿಬಿರ ಪೂರ್ತಿ ಮಾಡುವವರೆಗೆ ಅವರಿಂದ ದಾನ ತೆಗೆದುಕೊಳ್ಳುವುದಿಲ್ಲ. ಕಲಿಸುವ ಆಚಾರ್ಯರಿಗೆ ಸಂಬಳವಿಲ್ಲ. ಸೇವೆಗೆ ನಿಲ್ಲುವವರು ಹಿಂದೊಮ್ಮೆ ಶಿಬಿರ ಮುಗಿಸಿಕೊಂಡು ಹೋದವರೇ. ಹಾಗಾಗಿ ಅಲ್ಲಿ ಉಂಡವನಿಗೆ ತನ್ನ ಅನ್ನ ಯಾರು ಕೊಟ್ಟದ್ದೆಂದು ಗೊತ್ತಿರುವುದಿಲ್ಲ, ಕೊಟ್ಟವನಿಗೆ ಅದನ್ನು ಯಾರು ಉಣ್ಣುತ್ತಾರೆಂದು ಗೊತ್ತಾಗುವುದಿಲ್ಲ. ಕರ್ನಾಟಕದಿಂದಲೂ ಎಷ್ಟೋ ಜನ ಅಲ್ಲಿಗೆ ಹೋಗಿ ಕೂತು ಬಂದಿದ್ದಾರೆ.

ಅದೇ ಇಗತಪುರಿ ತಾಲ್ಲೂಕಿನಿಂದ 2022ರಲ್ಲಿ ಬೇರೊಂದು ಸುದ್ದಿ ಬಂತು. ಕಾತಕರಿ ಬುಡಕಟ್ಟಿನ ಒಬ್ಬ ಪುಟ್ಟ ಹುಡುಗಿ ಸತ್ತಳು. ವಿಚಾರಿಸಿದಾಗ ಅವಳು ನೆರೆಯ ಅಹಮದ್‌ನಗರ ಜಿಲ್ಲೆಯ (ಈಗಿನ ಅಹಿಲ್ಯಾನಗರ) ಕುರಿಗಾರರ ಬಳಿ ದುಡಿಯುತ್ತಿದ್ದಳೆಂದು ತಿಳಿಯಿತು. ಅವಳೊಬ್ಬಳೇ ಅಲ್ಲ, ಇನ್ನೂ ಹಲವು ಮಕ್ಕಳು ಹಾಗೆಯೇ ಹೋಗಿದ್ದವು. ಮನೆಯವರ ಕೈಗೆ ಬಂದದ್ದು ಕೆಲವು ಸಾವಿರ ರೂಪಾಯಿ, ಕೆಲವೆಡೆ ಜೊತೆಗೊಂದು ಕುರಿ. ಜೀತ ಪದ್ಧತಿಯನ್ನು ರದ್ದುಮಾಡುವ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು ಧಮ್ಮಗಿರಿ ಶುರುವಾದ ವರ್ಷವೇ, 1976ರಲ್ಲಿ.

ಈ ಎರಡನ್ನು ಒಟ್ಟಿಗಿಟ್ಟು ನೋಡುವುದಕ್ಕೆ ಕಾರಣವಿದೆ. ಎರಡು ಕಡೆಯೂ ಇದ್ದವರಿಂದ ಇಲ್ಲದವರಿಗೆ ಏನೋ ಒಂದು ಸಂದಾಯವಾಗುತ್ತದೆ. ಒಂದು ಕಡೆ ತೆಗೆದುಕೊಂಡವನು ಯಾರ ಮುಲಾಜೂ ಇಲ್ಲದೆ ಎದ್ದು ಹೋಗುತ್ತಾನೆ. ಇನ್ನೊಂದು ಕಡೆ ತೆಗೆದುಕೊಂಡ ಮನೆ ತನ್ನ ಮಗುವನ್ನೇ ಒಪ್ಪಿಸುತ್ತದೆ. ಕಷ್ಟದಲ್ಲಿರುವ ಕುಟುಂಬಕ್ಕೆ ನೆರವಾಗಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಕೊಟ್ಟೆವು ಎಂದಲ್ಲ, ಕೊಟ್ಟ ಮೇಲೆ ಆ ಮನೆಯ ಮೇಲೆ ಯಾವ ಹಂಗು ಉಳಿಯಿತು ಎಂದು. ನೆರವಿನ ಗುಣ ತಿಳಿಯುವುದು ಅಲ್ಲಿಯೇ ಎಂಬುದು ನನ್ನ ವಾದ.

ಇಂಥ ಮನೆಗಳಿಗೆ ದುಡಿಮೆಯ ಮುಂಗಡ ಕೊಡುವವನ ಕೆಲಸದ ರೀತಿಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಕಾತಕರಿಗಳು ಹಿಂದೆ ಕಗ್ಗಲಿ ಮರದಿಂದ ಕಾಚು ತೆಗೆದು ಬದುಕುತ್ತಿದ್ದವರು. ಕಾಡು ಕೈತಪ್ಪಿದ ಮೇಲೆ ಇದ್ದಿಲು ಸುಡುವುದಕ್ಕೆ, ಆಮೇಲೆ ಠಾಣೆ, ಪಾಲ್ಘರ್, ರಾಯಗಡದ ಇಟ್ಟಿಗೆ ಭಟ್ಟಿಗಳಿಗೆ ಹೋದರು. ಭಟ್ಟಿ ನಡೆಯುವುದು ಮಳೆ ನಿಂತ ಮೇಲೆ. ಇಗತಪುರಿಯ ಕಡೆ ಮಳೆಯೆಂದರೆ ಸಹ್ಯಾದ್ರಿಯ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಹೊಲವಿದ್ದವರಿಗೆ ಅದು ಭತ್ತದ ನಾಟಿಯ ಕಾಲ, ಹೊಲವಿಲ್ಲದವರಿಗೆ ಹಸಿವಿನ ಕಾಲ. ಆ ತಿಂಗಳುಗಳಲ್ಲೇ ಜ್ವರ ಬರುತ್ತದೆ, ಹೆರಿಗೆಯಾಗುತ್ತದೆ, ಮನೆಯ ಮುದುಕರು ಸಾಯುತ್ತಾರೆ. ಆಗ ಬಾಗಿಲಿಗೆ ಬಂದು ನಿಲ್ಲುವವನು ಆಳು ಒದಗಿಸುವ ಮುಕಾದಮ. ಅವನು ಆಧಾರ್ ಕಾರ್ಡ್ ಕೇಳುವುದಿಲ್ಲ, ಫೋಟೋ ತೆಗೆಯುವುದಿಲ್ಲ, ನಾಳೆ ಬಾ ಅನ್ನುವುದಿಲ್ಲ. ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಅವನಿಗೆ ಗೊತ್ತು. ಕೇಳಿದಷ್ಟನ್ನು ಅಲ್ಲೇ ಎಣಿಸಿ ಕೊಡುತ್ತಾನೆ. ಮರಾಠಿಯಲ್ಲಿ ಈ ಮುಂಗಡವನ್ನು ಉಚಲ್ ಅನ್ನುತ್ತಾರೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಕಬ್ಬು ಕಡಿಯಲು ಬರುವ ಮರಾಠವಾಡದ ಗಂಡಹೆಂಡಿರೂ ಹೊರಟುಬರುವುದು ಇದೇ ಉಚಲ್ ತೆಗೆದುಕೊಂಡು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಹಂಗಾಮು ಮುಗಿದಾಗ ಸಾಲ ತೀರದಿದ್ದರೆ ಮುಂದಿನ ವರ್ಷಕ್ಕೂ ಆ ಜೋಡಿ ಬರೆದಿಟ್ಟಂತೆಯೇ.

ನಮ್ಮ ದಾನಿಗಳು ಬರುವುದು ದೀಪಾವಳಿಗೆ, ಯಾರದೋ ಹುಟ್ಟುಹಬ್ಬಕ್ಕೆ, ಜನವರಿಯ ಚಳಿಗೆ ಕಂಬಳಿ ಹಂಚಲು. ಅಷ್ಟರಲ್ಲಿ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಜನ ಭಟ್ಟಿಯಲ್ಲಿರುತ್ತಾರೆ. ಮುಕಾದಮನಿಗಿಂತ ನಾವು ಒಳ್ಳೆಯವರಿರಬಹುದು, ಆದರೆ ಹೊತ್ತಿಗೆ ಸರಿಯಾಗಿ ಬರುವವನು ಅವನು. ಈ ಹೊತ್ತಿನ ವಿಚಾರ ಮಹಾರಾಷ್ಟ್ರ ಸರ್ಕಾರಕ್ಕೂ ಬಹಳ ಹಿಂದೆಯೇ ಹೊಳೆದಿತ್ತು. ಮಳೆಗಾಲದ ತಿಂಗಳುಗಳಿಗಾಗಿ ಆದಿವಾಸಿಗಳಿಗೆ ಖಾವಟಿ ಎಂಬ ಊಟದ ಸಾಲವನ್ನು 1978ರಲ್ಲಿ ತಂದಿತು. ನಡುವೆ ನಿಂತುಹೋಗಿದ್ದ ಅದನ್ನು 2020ರಲ್ಲಿ ಮರಳಿ ಕೊಡಬೇಕಿಲ್ಲದ ಅನುದಾನವಾಗಿ ಮಾಡಿ ಕುಟುಂಬಕ್ಕೆ 4,000 ರೂಪಾಯಿ ಗೊತ್ತುಮಾಡಿತು. ಅದರಲ್ಲಿ ಅರ್ಧ ಬ್ಯಾಂಕ್ ಖಾತೆಗೆ, ಅರ್ಧ ದಿನಸಿಯ ರೂಪದಲ್ಲಿ. ಅರ್ಧವನ್ನಾದರೂ ಸಾಮಾನಾಗಿಯೇ ಕೊಡಬೇಕು, ಪೂರ್ತಿ ದುಡ್ಡು ಕೈಗೆ ಬಂದರೆ ಕುಡಿದು ಹಾಳುಮಾಡುತ್ತಾರೆ ಎಂಬ ಅನುಮಾನ ಕೊಡುವವರಲ್ಲಿ ಎಲ್ಲೆಲ್ಲೂ ಇದೆ. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೊವಾ ಹಲವು ದೇಶಗಳ ಅಧ್ಯಯನಗಳನ್ನು 2014ರಲ್ಲಿ ಒಟ್ಟುಮಾಡಿ ನೋಡಿದರು. ನಗದು ನೆರವು ಪಡೆದ ಬಡವರು ಹೆಂಡ, ತಂಬಾಕಿಗೆ ಹೆಚ್ಚು ಸುರಿಯುತ್ತಾರೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ.

ಹಂಗಿಲ್ಲದೆ ಕೊಟ್ಟು ತೆಗೆದುಕೊಳ್ಳುವ ದಾರಿಗಳು ಕನ್ನಡನಾಡಿಗೆ ಹೊಸವಲ್ಲ. ನಾಟಿಗೆ, ಕುಯ್ಲಿಗೆ ಮುಯ್ಯಾಳು ಹೋಗುವುದಿದೆ. ನಿನ್ನ ಗದ್ದೆಗೆ ನಾನು ಬಂದರೆ ನನ್ನ ಗದ್ದೆಗೆ ನೀನು ಬರುತ್ತೀಯ. ಮದುವೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕವಿದೆ. ಬರೆದಿಡುವುದರಲ್ಲಿ ಸಣ್ಣತನವೇನೂ ಇಲ್ಲ. ತೀರಿಸಲು ಬರುತ್ತದೆ ಎನ್ನುವುದೇ ತೆಗೆದುಕೊಂಡವನ ಮರ್ಯಾದೆಯನ್ನು ಕಾಯುತ್ತದೆ. ಆದರೆ ಇಂಥ ಏರ್ಪಾಡುಗಳೆಲ್ಲ ನಡೆಯುವುದು ಸರಿಸಮಾನರ ನಡುವೆ. ಗದ್ದೆಯೇ ಇಲ್ಲದವನಿಗೆ ಮುಯ್ಯಾಳು ಯಾಕೆ ಬರುತ್ತಾರೆ? ವಾರಾನ್ನ ಉಂಡು ಓದಿ ದೊಡ್ಡವರಾದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆ ಮನೆಗಳ ಬಾಗಿಲು ಹೆಚ್ಚಾಗಿ ತೆರೆದದ್ದು ಸ್ವಜಾತಿಯ ಹುಡುಗನಿಗೆ. ಧಮ್ಮಗಿರಿಯ ದಾನದ ಸರಪಳಿಗೂ ಇದೇ ಮಿತಿಯಿದೆ. ಹತ್ತು ದಿನ ಕೂಲಿ ಬಿಟ್ಟು ಮೌನವಾಗಿ ಕೂರಬಲ್ಲವನಿಗೆ ಅದು ತೆರೆದಿದೆ. ಬೆಟ್ಟದ ಕೆಳಗಿನ ಕಾತಕರಿ ಹೆಂಗಸಿಗೆ ಶುಲ್ಕವಿಲ್ಲ ಎಂಬುದೊಂದರಿಂದಲೇ ಆ ಬಾಗಿಲು ತೆರೆಯುವುದಿಲ್ಲ. ಅದು ಧಮ್ಮಗಿರಿಯ ತಪ್ಪೇನೂ ಅಲ್ಲ, ಅದು ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ.

ಈ ಮಿತಿಯನ್ನು ದಾಟಿದ ದೊಡ್ಡ ಉದಾಹರಣೆ ನಮ್ಮಲ್ಲಿರುವುದು ತುಮಕೂರಿನ ಸಿದ್ಧಗಂಗೆಯದು. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಊರೂರು ತಿರುಗಿ ಭಿಕ್ಷೆ ಎತ್ತಿದರು. ರೈತರು ರಾಗಿ, ಅಕ್ಕಿ, ತೆಂಗಿನಕಾಯಿ, ಬೆಲ್ಲ ಕೊಟ್ಟರು. ಜಾತಿ ಧರ್ಮ ಕೇಳದೆ ಸೇರಿಸಿಕೊಂಡ ಹತ್ತು ಸಾವಿರದಷ್ಟು ಮಕ್ಕಳು ಅಲ್ಲಿ ಉಂಡು ಓದಿದರು. ಕೊಟ್ಟವರ ಮುಖವೆಲ್ಲ ಆ ದೊಡ್ಡ ಕೊಪ್ಪರಿಗೆಯಲ್ಲಿ ಕರಗಿಹೋಯಿತು. ಇಂಥ ರೈತನಿಗೆ ನಾನು ಋಣಿ ಎಂದು ಯಾವ ಮಗುವೂ ತಲೆ ತಗ್ಗಿಸಬೇಕಾಗಲಿಲ್ಲ. ಆದರೆ ಅಂಥ ಒಬ್ಬ ಸ್ವಾಮೀಜಿ, ಅಂಥ ಒಂದು ಮಠ ಪ್ರತಿ ತಾಲ್ಲೂಕಿಗೂ ಸಿಗುವುದಿಲ್ಲ. ಒಬ್ಬರ ದೊಡ್ಡತನವನ್ನು ನೆಚ್ಚಿಕೊಳ್ಳದೆ ಎಲ್ಲ ಕಡೆಯೂ ನಡೆಯಬೇಕಾದ ಕೆಲಸಕ್ಕೆ ಕಾನೂನೇ ಬೇಕು. ಬೇಯಿಸಿದ ಬಿಸಿಯೂಟವನ್ನು ಶಾಲೆಗಳಲ್ಲಿ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಇಂದು ಬಿಸಿಯೂಟಕ್ಕೆ ಕೂರುವ ಹುಡುಗಿ ಯಾರಿಗೂ ಕೈ ಮುಗಿಯಬೇಕಿಲ್ಲ. ಬಡಮಗುವಿನ ತಟ್ಟೆಯ ಅನ್ನ ದಯೆಯಿಂದ ಹಕ್ಕಿಗೆ ಬಂದದ್ದು ಈ ದೇಶ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ.

ಹಾಗಾದರೆ ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟು ಸ್ವಯಂಸೇವಕರು, ದಾನಿಗಳು ಮನೆಯಲ್ಲಿ ಕೂರಬಹುದೇ? ಕೂರುವಂತಿಲ್ಲ, ಅವರ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ.

ಒಂದು ಲೆಕ್ಕ ನೋಡೋಣ. ದಾನಿಗಳು ಕೊಡುವ ಕಿಟ್‌ನಲ್ಲಿ ಸಾಮಾನ್ಯವಾಗಿ ಐದೋ ಹತ್ತೋ ಕೆಜಿ ಅಕ್ಕಿ, ಒಂದಿಷ್ಟು ಬೇಳೆ, ಎಣ್ಣೆ ಇರುತ್ತದೆ. ಐದು ಜನರ ಮನೆಯಲ್ಲಿ ಅದು ಒಂದು ವಾರದ ಮಾತು. ಅಂತ್ಯೋದಯ ರೇಷನ್ ಕಾರ್ಡ್ ಇರುವ ಮನೆಗೆ ತಿಂಗಳಿಗೆ 35 ಕೆಜಿ ಧಾನ್ಯ ಸಲ್ಲುತ್ತದೆ, ವರ್ಷಕ್ಕೆ 420 ಕೆಜಿ. 2023ರಿಂದ ಅದೂ ಉಚಿತ. ಕಾತಕರಿಗಳಂಥ ಅತಿ ದುರ್ಬಲ ಬುಡಕಟ್ಟುಗಳ ಎಲ್ಲ ಕುಟುಂಬಗಳಿಗೂ ಈ ಕಾರ್ಡ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2003ರ ಮೇ ತಿಂಗಳಲ್ಲೇ ಹೇಳಿದೆ. ಇಂಥ 75 ಬುಡಕಟ್ಟುಗಳಿಗೆಂದು 2023ರ ನವೆಂಬರ್ 15ರಂದು ಆರಂಭವಾದ ಪಿಎಂ ಜನಮನ್ ಯೋಜನೆಗೆ 24,104 ಕೋಟಿ ರೂಪಾಯಿ ಇಡಲಾಗಿದೆ. ಅಂದರೆ ದುಡ್ಡಿದೆ, ಧಾನ್ಯವಿದೆ, ಕಾನೂನಿದೆ. ಬಾರದೆ ಉಳಿದಿರುವುದು ಆ ಮನೆಯವರೆಗಿನ ದಾರಿ.

ಆ ದಾರಿ ಯಾಕೆ ದುರ್ಗಮವೆಂದು ಬಲ್ಲವರೇ ಬಲ್ಲರು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಬೇಕಾದರೆ 1950ರ ಸೆಪ್ಟೆಂಬರ್ 6ಕ್ಕಿಂತ ಮೊದಲು ಕುಟುಂಬ ಆ ರಾಜ್ಯದಲ್ಲಿತ್ತು ಎಂಬುದಕ್ಕೆ ದಾಖಲೆ ತೋರಿಸಬೇಕು. ಶಾಲೆಯ ಮೆಟ್ಟಿಲು ಹತ್ತದ, ಅಂಗೈ ಅಗಲ ಜಮೀನಿಲ್ಲದ ಅಜ್ಜನಿಗೆ ಯಾವ ದಾಖಲೆಯಿರುತ್ತದೆ? ಸಮೀಕ್ಷೆಗೆ ನೌಕರ ಬಂದಾಗ ಮನೆಯವರು ಭಟ್ಟಿಯಲ್ಲಿದ್ದರೆ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ. ತಹಸೀಲ್ ಕಚೇರಿಗೆ ಹೋಗಲು ಬಸ್ಸಿನ ದುಡ್ಡು, ಆ ದಿನದ ಕೂಲಿಯ ನಷ್ಟ, ಅಫಿಡವಿಟ್‌ನ ಖರ್ಚು ಬೀಳುತ್ತದೆ. ಒಂದು ದಿನಕ್ಕೆ ಮುಗಿಯುವುದೂ ಇಲ್ಲ. ಇಂಥ ಒಂದು ಕೇರಿಯ ಹತ್ತಾರು ಮನೆಗಳ ಕಾಗದ ಹಿಡಿದು, ಕಚೇರಿಯ ಬೆಂಚಿನ ಮೇಲೆ ತಿಂಗಳುಗಟ್ಟಲೆ ಕೂರುವ ಒಬ್ಬ ಹುಡುಗ ಅಥವಾ ಹುಡುಗಿ ಬೇಕು. ಕಸಾರಾದಿಂದ ಇಗತಪುರಿಯವರೆಗೆ ಘಾಟಿ ಹತ್ತುವ ರೈಲಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕೊಟ್ಟು ತಳ್ಳುತ್ತಾರೆ, ಇಗತಪುರಿಯಲ್ಲಿ ಅದನ್ನು ಕಳಚಿ ಕೆಳಗೆ ಕಳಿಸುತ್ತಾರೆ. ಸ್ವಯಂಸೇವಕನ ಜಾಗ ಅದು, ಏರಿನಲ್ಲಿ ಹಿಂದೆ ನಿಂತು ತಳ್ಳುವುದು, ಸಮತಟ್ಟು ಬಂದಾಗ ಬಿಟ್ಟುಕೊಡುವುದು.

ಆದರೆ ಈ ಕೆಲಸಕ್ಕೆ ದಾನ ಸಿಗುವುದು ಕಷ್ಟ. ಕಿಟ್ ಕೊಟ್ಟರೆ ಪಡೆದವರ ಕಣ್ಣಲ್ಲಿ ಕೃತಜ್ಞತೆ ಕಾಣುತ್ತದೆ, ಬ್ಯಾನರ್ ಹಿಂದೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಅಫಿಡವಿಟ್‌ಗೆ ಯಾರು ಚಿತ್ರ ತೆಗೆಸಿಕೊಳ್ಳುತ್ತಾರೆ? ಕಾರ್ಡ್ ಕೈಗೆ ಬಂದ ಮನೆ ನಮಗೆ ಋಣಿಯಾಗಿಯೂ ಇರುವುದಿಲ್ಲ, ತನ್ನದನ್ನು ತಾನು ಪಡೆದಿರುತ್ತದೆ. ದಾನಿಗೆ ಇದು ಒಳಗೊಳಗೆ ಹಿಡಿಸುವುದಿಲ್ಲ. ನನಗೆ ಇದರ ಹಿರಿಮೆ ಇರುವುದೇ ಅಲ್ಲಿ.

ಇದಕ್ಕೆ ಬರುವ ಎರಡು ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಕಾರ್ಡ್ ಬರುವವರೆಗೆ ಹಸಿದ ಮಗು ಕಾಯಬೇಕೇ ಎಂಬುದು ಒಂದು. ಕಾಯಬಾರದು. ಕಿಟ್ ಕೊಡಿ, ದುಡ್ಡನ್ನೂ ಕೊಡಿ. ಆದರೆ ಮುಕಾದಮನಿಗಿಂತ ಮೊದಲು ಕೊಡಿ, ಜುಲೈಯಲ್ಲಿ ಕೊಡಿ. ಆ ಕೇರಿಯ ಹೆಂಗಸರ ಕೈಯಲ್ಲೇ ಒಂದು ಸಣ್ಣ ನಿಧಿ ಇದ್ದರೆ ಆಸ್ಪತ್ರೆಗೋ ಶವಸಂಸ್ಕಾರಕ್ಕೋ ಬೇಕಾದ ಎರಡು ಮೂರು ಸಾವಿರಕ್ಕೆ ಮಗುವನ್ನು ಕಳಿಸುವ ಗತಿ ಬರುವುದಿಲ್ಲ. ಮುಖವಿಲ್ಲದ ನೆರವು ಮನುಷ್ಯ ಸಂಬಂಧವನ್ನು ಒಣಗಿಸುತ್ತದೆ, ಕೊಡುವವರೂ ಪಡೆಯುವವರೂ ಪರಸ್ಪರ ನೋಡಿದರೇನೇ ಮಮತೆ ಹುಟ್ಟುತ್ತದೆ ಎಂಬುದು ಇನ್ನೊಂದು. ಇದರಲ್ಲಿ ಸತ್ಯವಿದೆ. ಪಕ್ಕದ ಮನೆಯವರು ಹೊತ್ತು ತಂದ ಅನ್ನಕ್ಕೆ ಮುಖವಿರಲೇಬೇಕು. ಆದರೆ ಪಕ್ಕದ ಮನೆಯವರ ಋಣವನ್ನು ನಾಳೆ ತೀರಿಸಬಹುದು. ಕಾರಿನಲ್ಲಿ ಬಂದು ಹೋಗುವ ದಾನಿಯ ಋಣವನ್ನು ಆ ಮನೆ ಹೇಗೆ ತೀರಿಸೀತು? ತೀರಿಸಲಾಗದ ಋಣ ಯಾರಿಂದ ಬಂದರೂ ಕುತ್ತಿಗೆಯನ್ನು ಬಗ್ಗಿಸುತ್ತದೆ. ಮಮತೆ ಬೇಕೆಂದರೆ ಆ ಕೇರಿಗೆ ವರ್ಷವಿಡೀ ಹೋಗಿ ಬರಬೇಕು.

ಬಿಡಿಸಿ ತಂದವರ ವಿಷಯದಲ್ಲೂ ಹೀಗೆಯೇ. ಜೀತದಿಂದ ಮಗುವನ್ನು ಬಿಡಿಸಿದ ದಿನ ಎಲ್ಲರೂ ಇರುತ್ತಾರೆ. ಆಮೇಲೆ ಅಧಿಕಾರಿಯಿಂದ ಬಿಡುಗಡೆ ಪತ್ರ ಬರೆಸಿಕೊಳ್ಳುವುದಕ್ಕೆ ಯಾರು ನಿಲ್ಲುತ್ತಾರೆ? ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿಯವರೆಗೆ ಸಿಗುತ್ತದೆ. ಮಕ್ಕಳಿಗೆ ಮತ್ತು ಹೆಂಗಸರಿಗೆ 2 ಲಕ್ಷ ಇದೆ, ಆದರೆ ಅದು ಮೊಕದ್ದಮೆಯ ಫಲಿತಾಂಶಕ್ಕೆ ಅಂಟಿಕೊಂಡಿದೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ, ಆ ಕುಟುಂಬ ಅಷ್ಟರಲ್ಲಿ ಇನ್ನೊಂದು ಉಚಲ್ ತೆಗೆದುಕೊಂಡಿರುತ್ತದೆ. ಬಿಡುಗಡೆಯ ದಿನಕ್ಕಿಂತ ನಂತರದ ಎರಡು ವರ್ಷಕ್ಕೆ ದಾನಿಗಳು ಹೆಚ್ಚು ಬೇಕು.

ಇಗತಪುರಿ ದೂರವೆಂದು ಕನ್ನಡದ ಓದುಗರು ಭಾವಿಸಬೇಕಿಲ್ಲ. ಆ 75 ಬುಡಕಟ್ಟುಗಳ ಪಟ್ಟಿಯಲ್ಲಿ ನಮ್ಮ ಜೇನುಕುರುಬರೂ ಕೊರಗರೂ ಇದ್ದಾರೆ. ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಸಾಲದ ಲೆಕ್ಕ ಇನ್ನೂ ನಡೆಯುತ್ತಿದೆ. ಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುವಂತಾದಾಗ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನಿಮ್ಮ ಸಂಘ, ನಿಮ್ಮ ಕಚೇರಿ, ನಿಮ್ಮ ಅಪಾರ್ಟ್‌ಮೆಂಟ್ ಈ ಸಲ ಕಿಟ್ ಹಂಚಲು ಮನೆಗಳ ಪಟ್ಟಿ ಮಾಡುವಾಗ ಎರಡು ಕಾಲಂ ಹೆಚ್ಚು ಹಾಕಿಕೊಳ್ಳಿ. ಈ ಮನೆಗೆ ರೇಷನ್ ಕಾರ್ಡ್ ಇದೆಯೇ? ಯಾರಿಂದಲಾದರೂ ಮುಂಗಡ ತೆಗೆದುಕೊಂಡಿದ್ದಾರೆಯೇ? ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಈ ಎರಡು ಕಾಲಮ್ಮಿನ ಕೆಲಸ ಮುಗಿಸುವವರ ಬಸ್ ಚಾರ್ಜಿಗೂ ಸಂಬಳಕ್ಕೂ ತೆಗೆದಿಡಿ.