ಹಿರಿಯರು ಮರವೇರಬಹುದೇ?

ಸಂದೇಹಾಸ್ಪದವಾದ ದೋಣಿಯನ್ನೂ ಮರವನ್ನೂ ಏರಬಾರದೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವಿಧಿಸಿದ್ದಾರೆ. ವೃದ್ಧರು ವ್ಯಾಯಾಮವನ್ನು ವರ್ಜಿಸಬೇಕೆಂಬ ಮಾತೂ ಅದೇ ಅಧ್ಯಾಯದಲ್ಲಿದೆ. ಮೂರೂವರೆ ದಶಕಗಳಿಂದ ರೋಗಿಗಳಿಗೆ ಇವೆರಡನ್ನೂ ಹೇಳುತ್ತ ಬಂದ ನಾನು ಕಳೆದ ವರ್ಷ, ನನ್ನ 64ನೆಯ ವಯಸ್ಸಿನಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋದಾಗ ಓಕ್ ಮರವೊಂದನ್ನು ಏರಿದೆ.

ಅಲ್ಲಿ ಇದೊಂದು ಹವ್ಯಾಸ. ಬಂಡೆಗಳನ್ನು ಏರುತ್ತಿದ್ದು, ಮುಂದೆ ಮರಗಳ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡ ಪೀಟರ್ ಜೆಂಕಿನ್ಸ್ ಎಂಬವರು 1983ರಲ್ಲಿ ಅದೇ ನಗರದಲ್ಲಿ ‘ಟ್ರೀ ಕ್ಲೈಂಬರ್ಸ್ ಇಂಟರ್‌ನ್ಯಾಷನಲ್’ ಸಂಸ್ಥೆಯನ್ನು ಸ್ಥಾಪಿಸಿ, ವೃತ್ತಿಪರರ ಹಗ್ಗದ ವಿದ್ಯೆಯನ್ನು ಸಾಮಾನ್ಯರಿಗೆ ಕಲಿಸತೊಡಗಿದರು.

ನನ್ನ ಶಿಕ್ಷಕಿ ಏರುವ ಮಾತನ್ನೇ ಎತ್ತದೆ ಮೊದಲು ಮರವನ್ನು ಸುತ್ತಿದರು. ಬುಡದಲ್ಲಿ ಅಣಬೆ ಎದ್ದಿದೆಯೇ, ಕಾಂಡದಲ್ಲಿ ಬಿರುಕು ಇದೆಯೇ, ಮೇಲೆ ಒಣಕೊಂಬೆ, ಜೇನುಗೂಡು, ಸಮೀಪದಲ್ಲಿ ವಿದ್ಯುತ್ ತಂತಿ ಇವೆಯೇ ಎಂದು ನೋಡಿದರು. ದರ್ಶನ, ಸ್ಪರ್ಶನಗಳಿಂದ ನಾವು ರೋಗಿಯನ್ನು ಪರೀಕ್ಷಿಸುವ ರೀತಿಯೇ ಅದು, ಪ್ರಶ್ನಪರೀಕ್ಷೆಯೊಂದೇ ಬಾಕಿ! ಬಳಿಕ ತೂಕದ ಪುಟ್ಟ ಚೀಲ ಕಟ್ಟಿದ ತೆಳು ದಾರವನ್ನು ದಪ್ಪನೆಯ ಹಸಿ ಕೊಂಬೆಯ ಮೇಲೆ ಎಸೆದು, ಅದರ ಮೂಲಕ ಹಗ್ಗವನ್ನು ಎಳೆದರು. ತೊಗಟೆ ಸವೆಯದಂತೆ ಹಗ್ಗಕ್ಕೆ ಕವಚ ತೊಡಿಸಿದರು. ಇಬ್ಬರು ಜೋತುಬಿದ್ದು ಕೊಂಬೆಯ ಬಲ ನೋಡಿದ ಮೇಲೆಯೇ ನನಗೆ ಶಿರಸ್ತ್ರಾಣ, ಸೊಂಟಪಟ್ಟಿಗಳನ್ನು ಕಟ್ಟಿದರು.

ಇಲ್ಲಿ ಮುಖ್ಯವಾದುದು ಒಂದು ಗಂಟು. ಕೈಯಿಂದ ತಳ್ಳಿದರೆ ಹಗ್ಗದ ಮೇಲೆ ಜಾರುತ್ತದೆ; ದೇಹದ ಭಾರ ಬಿದ್ದೊಡನೆ ಬಿಗಿದು ನಿಲ್ಲುತ್ತದೆ. ಕಾಲನ್ನು ಹಗ್ಗದ ಕುಣಿಕೆಯಲ್ಲಿಟ್ಟು ಎದ್ದು ನಿಲ್ಲುವುದು, ಗಂಟನ್ನು ಮೇಲೆ ತಳ್ಳುವುದು, ಕುಳಿತು ಸುಧಾರಿಸಿಕೊಳ್ಳುವುದು: ಇಷ್ಟೇ ಕ್ರಮ. ತೋಳಿಗಿಂತ ತೊಡೆಗೇ ಹೆಚ್ಚು ಕೆಲಸ. ಹದಿನೈದು ಅಡಿ ಏರುವಷ್ಟರಲ್ಲಿ ನನ್ನ ಹಣೆಯಲ್ಲಿ ಬೆವರು ಮೂಡಿತು, ಬಾಯಿಯಿಂದ ಉಸಿರಾಡತೊಡಗಿದೆ. ಅರ್ಧಶಕ್ತಿ ವ್ಯಯವಾಯಿತು, ಇಲ್ಲಿಗೆ ನಿಲ್ಲಿಸು ಎಂಬುದಕ್ಕೆ ನಮ್ಮ ಶಾಸ್ತ್ರ ಹೇಳುವ ಲಕ್ಷಣಗಳಿವು. ನಿಲ್ಲಿಸಿದೆ. ಎಲೆಗಳ ನಡುವೆ ತೂಗುತ್ತ ಕುಳಿತಾಗ, ಬಾಲ್ಯದಲ್ಲಿ ಮರಕೋತಿ ಆಡುತ್ತಿದ್ದ ಮಾವಿನ ಮರ ಐವತ್ತು ವರ್ಷಗಳ ಅನಂತರ ನೆನಪಾಯಿತು.

ಹಾಗಾದರೆ ಆಚಾರ್ಯರ ಮಾತನ್ನು ಮೀರಿದೆನೇ? ಇಲ್ಲವೆಂಬುದು ನನ್ನ ಅಭಿಪ್ರಾಯ. ಅವರು ನಿಷೇಧಿಸಿದ್ದು ಸಂದಿಗ್ಧವಾದ ಮರವನ್ನು. ಇಲ್ಲಿ ಕಂಡ ವಿಧಾನವೆಲ್ಲ ಆ ಸಂದೇಹವನ್ನು ನಿವಾರಿಸುವುದಕ್ಕಾಗಿಯೇ ಇದೆ. ಇನ್ನು ವೃದ್ಧಾಪ್ಯದ ವಿಷಯ: ವಾಗ್ಭಟರ ಲೆಕ್ಕದಲ್ಲಿ 70ರವರೆಗೆ ಮಧ್ಯವಯಸ್ಸು. ಈ ಶ್ಲೋಕ ಮನೆಯವರ ಬಾಯಿ ಮುಚ್ಚಿಸಲು ನನಗೆ ಬಹಳ ಉಪಕಾರಿಯಾಯಿತು. ಬೀಳುವ ಭಯದಿಂದ ಮೆಟ್ಟಿಲನ್ನೂ ಬಿಟ್ಟು ಕುಳಿತ ಐವತ್ತೈದರ ರೋಗಿಗಳನ್ನು ನಿತ್ಯ ಕಾಣುತ್ತೇನೆ. ಕಾಲಿನ ಬಲ ಕುಂದುವುದೇ ಆ ಕುಳಿತಿರುವಿಕೆಯಿಂದ.

ಆದರೆ ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ತಲೆಸುತ್ತು, ಮೂಳೆಸವೆತ ಇರುವವರಿಗೆ ಇದು ಸಲ್ಲದು. ಸೊಂಟಪಟ್ಟಿಯಲ್ಲಿ ಕಾಲಾಡಿಸದೆ ಬಹುಹೊತ್ತು ತೂಗಿದರೆ ಕಾಲಿನಲ್ಲಿ ರಕ್ತ ನಿಂತು ಮೂರ್ಛೆ ಬರಬಹುದು. ಶಿಕ್ಷಕರಿಲ್ಲದೆ, ದೃಶ್ಯಸುರುಳಿ ನೋಡಿಕೊಂಡು, ಅಂಗಡಿಯ ಹಗ್ಗ ತಂದು ಯಾರೂ ಪ್ರಯತ್ನಿಸಬಾರದು.

ಊರಿಗೆ ಮರಳಿ ಈ ಸಾಹಸವನ್ನು ನನ್ನ ರೋಗಿಯೊಬ್ಬರಿಗೆ ಉತ್ಸಾಹದಿಂದ ಹೇಳಿದೆ. ಅವರು ಅಡಿಕೆ ಕೊನೆ ಕೊಯ್ಯುವವರು. ಮಳೆಗಾಲದಲ್ಲಿ ಔಷಧಿ ಸಿಂಪಡಿಸುವಾಗ ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಎರಡು ವರ್ಷದಿಂದ ಚಿಕಿತ್ಸೆಗೆ ಬರುತ್ತಿದ್ದಾರೆ. ಎಲ್ಲ ಕೇಳಿ ಅವರು ಅಂದದ್ದು ಒಂದೇ: “ಆ ಹಗ್ಗಕ್ಕೆ ಎಷ್ಟಾಗುತ್ತೆ ಡಾಕ್ಟ್ರೇ?”

ವಿನೋದಕ್ಕೆ ಏರಿದ ನನಗೆ ಅಷ್ಟೆಲ್ಲ ರಕ್ಷಣೆಯಿತ್ತು. ಏರುವುದೇ ಕಾಯಕವಾದ ಅವರಿಗೆ ಕಾಲಿನ ತಳೆಯೊಂದೇ ಇತ್ತು. ಕೊಂಬೆಯಿಲ್ಲದ ಅಡಿಕೆ ಮರಕ್ಕೆ ಓಕ್ ಮರದ ವಿಧಾನ ಹೊಂದದು. ಆದರೆ ಕಾಂಡವನ್ನು ಬಳಸಿ ಕಟ್ಟುವ ರಕ್ಷಣಾ ಪಟ್ಟಿ ಹೊಂದುತ್ತದೆ. ಶ್ರೀಮಠದ ಭಕ್ತರಲ್ಲಿ ತೋಟವುಳ್ಳವರು ಅನೇಕರಿದ್ದೀರಿ. ಮುಂದಿನ ಸಿಂಪಡಣೆಗೆ ಮೊದಲು ನಿಮ್ಮ ತೋಟದ ಮರವೇರುವವರಿಗೆ ಅದನ್ನು ನೀವೇ ಕೊಂಡು ಕೊಡಿ, ಕಟ್ಟಿಕೊಂಡೇ ಏರುವಂತೆ ನೋಡಿಕೊಳ್ಳಿ.