ಬೆಟ್ಟವನ್ನು ಕಾಲಿನಿಂದ ಅರಿಯುವುದು

ಶಹಾಪುರದ ಬೆಟ್ಟಸಾಲನ್ನು ನಾವು ‘ಮಲಗಿದ ಬುದ್ಧ’ನೆಂದು ಕರೆದು, ದಾರಿಯಿಂದಲೇ ನೋಡಿ ಮುಂದೆ ಸಾಗುತ್ತೇವೆ. ಬೆಟ್ಟ ಹತ್ತಬೇಕಾದರೆ ಹರಕೆಯಿರಬೇಕು, ಇಲ್ಲವೇ ಎಮ್ಮೆ ಕಳೆದಿರಬೇಕು. ಸುಮ್ಮನೆ ಹತ್ತುವವನನ್ನು ಊರು ಮರುಳನೆನ್ನುತ್ತದೆ. ಆಂಗ್ಲರ ಹಳ್ಳಿಗಳಲ್ಲಿ ಈ ಮರುಳೇ ರವಿವಾರದ ವಾಡಿಕೆ. 1840ರ ದಶಕದಲ್ಲಿ ಸುರಪುರದ ಗುಡ್ಡದ ಮೇಲೆ ಮನೆ ಕಟ್ಟಿಸಿದ ಮೆಡೋಸ್ ಟೇಲರನು ಈ ಸೀಮೆಯ ಪ್ರಾಚೀನ ಕಲ್ಗೋರಿಗಳನ್ನು ಅಗೆದು ನೋಡಿ ಬರೆದಿಟ್ಟನು. ಆಳಲು ಬಂದವನೆಂಬುದು ನಿಜ. ಕಣ್ತೆರೆದು ನೋಡಿದನೆಂಬುದೂ ನಿಜವೇ. ನಮ್ಮ ಶಾಲೆಗಳ ಪ್ರವಾಸವೋ, ಮೈಸೂರಿಗೆ! ಭೀಮರಾಯನಗುಡಿಯ ಮಾಸ್ತರರು ಮಾಗಿಯ ಒಂದು ಬೆಳಗ್ಗೆ ಮಕ್ಕಳನ್ನು ಈ ಬಂಡೆಗಳ ಮೇಲೆ ನಡೆಸಿಕೊಂಡು ಹೋಗಲಿ. ಏರಿದಂತೆಲ್ಲ ಬುದ್ಧನ ಆಕಾರ ಕರಗೀತು. ಕಗ್ಗಲ್ಲು, ಮುಳ್ಳುಪೊದೆ, ಕೆಳಗೆ ನಾರಾಯಣಪುರದ ಕಾಲುವೆಯ ನೀರುಂಡ ಹೊಲಗದ್ದೆಗಳು ಕಂಡಾವು.