ಹಂಚ್ಕೊಳ್ಳೂದು ನಿಮ್ಮ ಕೆಲಸ್ರೀ

ಮೊನ್ನೆ ಪರ್ಸ್ ಸ್ವಚ್ಛ ಮಾಡಾಕ ಕುಂತೆ. ಮೂರು ಊರಿನ ಮೂರು ಕಾರ್ಡ್ ಸಿಕ್ಕುವು. ಮಗಳ ಮನೀಗೆ ಹೋದಾಗ ಒಂದು, ಅಣ್ಣನ ಮನೀಗೆ ಹೋದಾಗ ಒಂದು, ಹಿಂಗ ಮಾಡಿಸಿದ್ದು. ಒಂದರಾಗ ನಲವತ್ತು ರೂಪಾಯಿ ಉಳದೈತಿ, ಉಳಿದವುದ್ರಾಗ ಎಷ್ಟೈತೋ ದೇವರಿಗೇ ಗೊತ್ತು. ನಾವು ಸಾಸಿವಿ ಡಬ್ಬಿಯಾಗ ಇಟ್ಟ ರೊಕ್ಕ ಅಕ್ಕಿಗೂ ನಡೀತೈತಿ, ಹಾಲಿಗೂ ನಡೀತೈತಿ. ಈ ಕಾರ್ಡಿನಾಗಿನ ರೊಕ್ಕ ಮಾತ್ರ ಸ್ಟೇಷನ್ ಗೇಟ್ ದಾಟಿ ಹೊರಗ ಬಂದ್ರ ಬಸ್ಸಿಗೆ ನಡ್ಯಾಂಗಿಲ್ಲ. ಇದೆಂಥ ನ್ಯಾಯ?

ನಮ್ಮ ಹೆಂಗಸರ ಓಡಾಟ ಹೆಂಗಿರ್ತೈತಿ, ನಿಮಗ ಹೇಳಬೇಕಾಗಿಲ್ಲ. ಗಂಡಸರದು ಮನಿಯಿಂದ ಆಫೀಸು, ಆಫೀಸಿನಿಂದ ಮನಿ. ನಮ್ಮದು ಮೊದಲು ದವಾಖಾನಿ, ಅಲ್ಲಿಂದ ಸಂತಿ, ಹಂಗ ಹಾದ್ಯಾಗ ವೈನಿ ಮನಿ. ಎಷ್ಟು ಸಲ ಹತ್ತತೀವೋ ಅಷ್ಟು ಸಲ ಹೊಸಾ ಟಿಕೆಟ್, ಮತ್ತ ಮೊದಲಿನಿಂದ ದರ. ಒಂದೇ ಗಾಡಿಯಾಗ ಕುಂತು ಹೋದವರಕಿಂತ, ಅಷ್ಟೇ ದೂರ ಎರಡು ಸಲ ಇಳಿದು ಹತ್ತಿದವರಿಗೆ ಖರ್ಚು ಹೆಚ್ಚು. ಇಳಿದು ಹತ್ತೂದು ನಮಗೇನು ಹೌಸೇನ್ರೀ? ಗಾಡಿ ನಮ್ಮ ಓಣಿತನಕ ಬರೂದಿಲ್ಲ, ಅದಕ್ಕ.

'ನಿಮಗ ಬಸ್ ಪುಕ್ಕಟೆ ಐತಲ್ಲ, ನಿನಗ್ಯಾಕ ಈ ಉಸಾಬರಿ?' ಅಂತಾರ ನಮ್ಮ ಮನಿಯವರು. ಹೌದು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಐತಿ. ಆದ್ರ ಅದು ಸಾದಾ ಬಸ್ಸಿಗೆ ಅಷ್ಟೇ, ಮೆಟ್ರೋಕ್ಕಿಲ್ಲ. ಗಂಡು ಹುಡುಗರಿಗೆ, ಗಂಡಂದಿರಿಗೆ ಯಾವುದಕ್ಕೂ ಇಲ್ಲ. ಮತ್ತ ಆ ಶಕ್ತಿ ಯೋಜನೇನ ನನ್ನ ಮಾತಿಗೆ ಸಾಕ್ಷಿ. ಹುಬ್ಬಳ್ಳಿಯಾಗ ವಾಯವ್ಯ ನಿಗಮದ ಬಸ್ ಹತ್ತಿದ್ರೂ, ಕಲಬುರ್ಗಿಯಾಗ ಕಲ್ಯಾಣ ಕರ್ನಾಟಕದ್ದು ಹತ್ತಿದ್ರೂ, ಮೈಸೂರಿನಾಗ ಕೆಎಸ್‌ಆರ್‌ಟಿಸಿ, ಬೆಂಗಳೂರಿನಾಗ ಬಿಎಂಟಿಸಿ ಹತ್ತಿದ್ರೂ ತೋರಿಸೂದು ಅದೇ ಆಧಾರ್ ಕಾರ್ಡ್. ಕಂಡಕ್ಟರ್ ಶೂನ್ಯ ಟಿಕೆಟ್ ಹರದು ಕೊಡ್ತಾರ. ಯಾವ ನಿಗಮಕ್ಕ ಎಷ್ಟು ಸೇರಬೇಕು ಅನ್ನೂದನ್ನ ಸರ್ಕಾರ, ನಿಗಮ ಕೂಡಿ ಆ ಟಿಕೆಟಿನ ಮ್ಯಾಲೆ ಲೆಕ್ಕ ಹಾಕ್ಕೋತಾರ. ಆ ಲೆಕ್ಕ ನಮ್ಮ ಹೆಗಲಿಗೆ ಬಂದಿಲ್ಲ. ಪುಕ್ಕಟೆ ಟಿಕೆಟಿಗೆ ಆಗೂ ಲೆಕ್ಕ ರೊಕ್ಕದ ಟಿಕೆಟಿಗೆ ಯಾಕ ಆಗೂದಿಲ್ಲ?

ಯಂತ್ರ ಇಲ್ಲಂತ ಹೇಳಾಕ ಬರೂದಿಲ್ಲ. ಎಲ್ಲಾ ಊರಿನ ಬಸ್ಸಿಗೂ ಮೆಟ್ರೋಕ್ಕೂ ನಡೀಬೇಕಂತನ 2019ರ ಮಾರ್ಚ್ 4ಕ್ಕ ಅಹಮದಾಬಾದಿನಾಗ ಪ್ರಧಾನಿಗಳು ರಾಷ್ಟ್ರೀಯ ಸಾರಿಗೆ ಕಾರ್ಡ್ ಬಿಡುಗಡೆ ಮಾಡಿದ್ರು. ರೊಕ್ಕ ಕಾರ್ಡಿನೊಳಗ ಇರತೈತಿ, ನೆಟ್‌ವರ್ಕ್ ಇಲ್ಲದಿದ್ರೂ ನಡೀತೈತಿ. ಹಾಂಗ್‌ಕಾಂಗಿನಾಗ ರೈಲು, ಬಸ್ಸು, ದೋಣಿ ನಡಸೂ ಬ್ಯಾರೆ ಬ್ಯಾರೆ ಕಂಪನಿಯವರು ಕೂಡಿ 1997ರಾಗನ ಆಕ್ಟೋಪಸ್ ಅನ್ನೂ ಒಂದೇ ಕಾರ್ಡ್ ತಂದ್ರು. ಲಾಭಕ್ಕ ದುಡಿಯೂ ಕಂಪನಿಗಳೇ ಕೂಡಿ ಕುಂತು ಮಾತಾಡಿದ್ವು ಅಂದ್ಮ್ಯಾಲೆ, ನಮ್ಮ ರೊಕ್ಕದಾಗ ನಡಿಯೂ ಸರ್ಕಾರಿ ಸಂಸ್ಥೆಗಳಿಗೆ ಏನು ಧಾಡಿ?

ಇನ್ನ ಕಾರ್ಡ್ ಒಂದು ಮಾಡಿ ದರ ಎರಡೇ ಇಟ್ರ, ಅದು ಹಳೇ ಸೀರಿಗೆ ಹೊಸಾ ಫಾಲ್ ಹಚ್ಚಿದಂಗ. ಲಂಡನ್ನಿನಾಗ 2018ರಿಂದ, ಮೊದಲ ಬಸ್ ಹತ್ತಿದ ಒಂದು ತಾಸಿನೊಳಗ ಎಷ್ಟು ಬಸ್ ಬದಲಿಸಿದ್ರೂ ಒಂದೇ ದರ. ನಮಗ ಬೇಕಾಗಿದ್ದು ಅದು. ಪ್ರಯಾಣ ಒಂದಾದ್ರ ದರಾನೂ ಒಂದ ಇರಬೇಕು.

'ಆ್ಯಪ್ ಬಂದೈತಲ್ಲ' ಅಂತ ಮಗ ಅಂತಾನ. ಬಂದೈತಿ. ಮುಂಬೈಯಾಗ 2025ರ ಅಕ್ಟೋಬರಿನಾಗ ಬಂದ ಮುಂಬೈ ಒನ್ ಆ್ಯಪಿನಾಗ 11 ಸಂಸ್ಥೆಗಳ ಟಿಕೆಟ್ ಸಿಗತಾವ. ಛಲೋನ ಆತು. ಆದ್ರ ಕೀಪ್ಯಾಡ್ ಫೋನಿನ ನಮ್ಮ ಅತ್ತಿಯವರು ಏನು ಮಾಡಬೇಕು? ಚಾರ್ಜ್ ಮುಗದು ಫೋನ್ ಸತ್ತ ಹೊತ್ತಿನಾಗ ನಾ ಏನು ಮಾಡಬೇಕು? ಆ್ಯಪ್ ಇರಲಿ, ಅದರ ಜೋಡಿ ಕಿರಾಣಿ ಅಂಗಡಿಯಾಗ ನಗದು ಕೊಟ್ಟು ತುಂಬಿಸೂ ಕಾರ್ಡೂ ಇರಲಿ. ಉಳಿದ ರೊಕ್ಕ ಕೇಳಿದಾಗ ತಿರುಗಿ ಕೊಡಲಿ.

ಮದುವಿ ಮನಿಯಾಗ ಹೋಳಿಗಿ ಮಾಡಿದವರು ಬ್ಯಾರೆ, ಸಾರು ಮಾಡಿದವರು ಬ್ಯಾರೆ. ಹಂಗಂತ ಎಲಿ ಮುಂದ ಕುಂತವರ ಹತ್ರ ಒಬ್ಬೊಬ್ರೇ ಬಂದು ಕೈ ಚಾಚ್ತಾರೇನು? ಒಳಗ ಕುಂತು ಹಂಚ್ಕೋತಾರ. ಇವರೂ ಹಂಗ ಹಂಚ್ಕೊಳ್ಳಲಿ.

ಅಕ್ಕಾರ, ನೀವೂ ಇವತ್ತ ಪರ್ಸ್ ತಗದು ನೋಡ್ರಿ, ಯಾವ್ಯಾವ ಕಾರ್ಡಿನಾಗ ಎಷ್ಟೆಷ್ಟು ಸಿಕ್ಕೊಂಡು ಕುಂತೈತಿ. ಬರದು ಇಟ್ಕೋರಿ. ಓಟು ಕೇಳಾಕ ಬಾಗಲಿಗೆ ಬಂದವರಿಗೆ ಮೊದಲು ಆ ಚೀಟಿ ಕೈಗೆ ಕೊಡೂಣು.